ಆರಿಂಚಿನ ಹೊಸಿಲು

ಅಮೆರಿಕದ ಮನೆಗಳಿಗೆ ಮುಂಬಾಗಿಲು ಇರುವುದು ಪಾರ್ಸೆಲ್ ತರುವವರಿಗಾಗಿ. ಫ್ರೀಮಾಂಟಿನ ನನ್ನ ಮಗಳ ಮನೆಯ ಮುಂಬಾಗಿಲಿಗೆ ತೋರಣವಿದೆ, ಗಣಪತಿಯಿದ್ದಾನೆ, ‘ಸುಸ್ವಾಗತ’ ಎಂಬ ಹಿತ್ತಾಳೆಯ ಫಲಕವಿದೆ. ಅದನ್ನು ದಾಟಿ ಒಳಗೆ ಬಂದವರನ್ನು ಮಾತ್ರ ನಾನು ಕಾಣಲಿಲ್ಲ. ಮನೆಯವರೆಲ್ಲ ಕಾರಿನ ಸಮೇತ ಗ್ಯಾರೇಜಿಗೆ ನುಗ್ಗಿ, ವಾಷಿಂಗ್ ಮೆಷೀನಿನ ಪಕ್ಕದ ಸಣ್ಣ ಬಾಗಿಲಿನಿಂದ ಅಡುಗೆಮನೆಗೆ ಬಂದುಬಿಡುತ್ತಾರೆ. ಲಕ್ಷ್ಮಿ ಬರುವುದಾದರೂ ಇದೇ ದಾರಿಯಲ್ಲಿ ಬರಬೇಕಲ್ಲ ಎಂದು ನಾನು ರಂಗೋಲಿಯನ್ನು ಗ್ಯಾರೇಜಿನ ಮುಂದೆಯೇ ಹಾಕತೊಡಗಿದೆ. ಬೆಳಿಗ್ಗೆ ಎಂಟಕ್ಕೆ ಅಳಿಯನ ಕಾರು ಅದರ ಮೇಲೆ ಹಾದು, ಎಳೆಯನ್ನು ರಸ್ತೆಯ ತನಕ ಮುಂದುವರಿಸಿಕೊಂಡು ಹೋಗುತ್ತಿತ್ತು.

ನಮ್ಮ ಯಜಮಾನರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದವರು. ಗೇಟು ಎಲ್ಲಿ ಕಂಡರೂ ನಿಂತು ನೋಡುವುದು ನಿವೃತ್ತಿಯ ನಂತರವೂ ಹೋಗಿಲ್ಲ. ಆಸೆಯಿಂದ ಗೋಲ್ಡನ್ ಗೇಟಿಗೆ ಕರೆದುಕೊಂಡು ಹೋದರೆ, “ಇದು ಸೇತುವೆ. ಇದರಲ್ಲಿ ಗೇಟೆಲ್ಲಿದೆ?” ಎಂದು ಮುಖ ಸಣ್ಣದು ಮಾಡಿಕೊಂಡರು. ಅವರ ಮನಸ್ಸಿಗೆ ಬಂದದ್ದು ಮಗಳ ಮನೆಯ ಗ್ಯಾರೇಜಿನ ಬಾಗಿಲು. ಹದಿನಾರು ಅಡಿ ಅಗಲ, ಏಳು ಅಡಿ ಎತ್ತರ. ಪಟ್ಟಿ ಪಟ್ಟಿಯಾಗಿ ಮಡಿಚಿಕೊಂಡು ಮೇಲೇರಿ ನಮ್ಮ ತಲೆಯ ಮೇಲೆ ಅಂಗಾತ ಮಲಗುತ್ತದೆ. ಇಷ್ಟಗಲದ ಉಕ್ಕಿನ ಬಾಗಿಲು ಎಪ್ಪತ್ತು ಕೆಜಿ ತೂಗುವುದು ಸಾಮಾನ್ಯ, ಮರದ್ದಾದರೆ ಇನ್ನೂ ಜಾಸ್ತಿ. ಅದರ ಕೆಳಗೆ ಮನೆಯವರು ಸೊಪ್ಪು, ಹಾಲಿನ ಕ್ಯಾನು, ಹಸುಗೂಸುಗಳನ್ನು ಹಿಡಿದುಕೊಂಡು ಓಡಾಡುತ್ತಾರೆ, ಒಬ್ಬರಾದರೂ ತಲೆಯೆತ್ತಿ ನೋಡುವುದಿಲ್ಲ.

“ಮೋಟಾರು ಬರೀ ನೆಪ ಕಣೇ,” ಎಂದು ಇವರು ನನಗೆ ಪಾಠ ಶುರುಮಾಡಿದರು. “ಭಾರ ಹೊರೋದೆಲ್ಲ ಮೇಲಿರೋ ಆ ಸ್ಪ್ರಿಂಗು. ಸದ್ದು ಮಾಡೋದು ಮೋಟಾರು.”

ಎಷ್ಟೋ ಮನೆಗಳಲ್ಲಿ ಹಾಗೇ ಅಂದೆ. ಅವರಿಗೆ ಕೇಳಿಸಲಿಲ್ಲ.

ಸಾಮಾನ್ಯ ಸ್ಪ್ರಿಂಗಿಗೆ ಹತ್ತು ಸಾವಿರ ಸಲ ಏರಿಳಿಯುವ ಆಯಸ್ಸು ಕಟ್ಟಿರುತ್ತಾರಂತೆ. ದಿನಕ್ಕೆ ಎಂಟು ಸಲದ ಲೆಕ್ಕ ಹಿಡಿದರೆ ಮೂರೂವರೆ ವರ್ಷಕ್ಕೆ ಮುಗಿಯಿತು. ಈ ಲೆಕ್ಕ ತೆಗೆದ ದಿನದಿಂದ ಇವರು ಮಗಳು ಕೊತ್ತಂಬರಿ ಸೊಪ್ಪಿಗೆಂದು ಕಾರು ತೆಗೆದರೂ “ಒಂದು ಖರ್ಚಾಯ್ತು” ಎನ್ನತೊಡಗಿದರು. ಬಿಗಿದು ಸುತ್ತಿದ ಸ್ಪ್ರಿಂಗು ತುಂಡಾದರೆ ಗುಂಡು ಹಾರಿದಂಥ ಸದ್ದು. ಬಿಚ್ಚಲು ಹೋದವನ ಕೈಗೆ ತಗುಲಿದರೆ ಕೈಯೇ ಇರುವುದಿಲ್ಲ. ಅದಕ್ಕೆ ಕಸುಬುದಾರನೇ ಬರಬೇಕು. ಇದನ್ನೆಲ್ಲ ಹೇಳಿದವರು ಇವರೇ. ಹೇಳುತ್ತಲೇ ಏಣಿಯ ಮೂರನೇ ಮೆಟ್ಟಿಲಲ್ಲಿದ್ದರು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆ ಕಥೆಯನ್ನು ಅಲ್ಲಿಂದಲೇ ಹೇಳಿದರು. ಅಳಿಯ ಪೂರ್ತಿ ಕೇಳಿ, ತಲೆಯಾಡಿಸಿ, ಸ್ಪ್ಯಾನರುಗಳ ಪೆಟ್ಟಿಗೆಯನ್ನು ತನ್ನ ಕಾರಿನ ಡಿಕ್ಕಿಗೆ ಸಾಗಿಸಿದ.

ನನಗೆ ಇಷ್ಟವಾದದ್ದು ಅದರ ಹೊಸಿಲು. ಬಾಗಿಲಿನ ಎರಡೂ ಬದಿಗೆ ನೆಲದಿಂದ ಆರಿಂಚು ಮೀರದ ಎತ್ತರದಲ್ಲಿ ಎರಡು ಪುಟ್ಟ ಕಣ್ಣುಗಳಿವೆ. ಒಂದು ಕಾಣದ ಬೆಳಕಿನ ಗೆರೆ ಎಳೆಯುತ್ತದೆ, ಇನ್ನೊಂದು ಅದನ್ನು ನೋಡುತ್ತ ಕೂತಿರುತ್ತದೆ. ಬಾಗಿಲು ಇಳಿಯುವಾಗ ಮಗುವೋ ಬೆಕ್ಕೋ ಚೆಂಡೋ ಆ ಗೆರೆಗೆ ಅಡ್ಡ ಬಂದರೆ ಬಾಗಿಲು ಹಿಂದಕ್ಕೆ ಮೇಲೇರುತ್ತದೆ. 1993ರಿಂದ ಆ ದೇಶದಲ್ಲಿ ಮಾರುವ ಮನೆ ಗ್ಯಾರೇಜಿನ ಮೋಟಾರಿಗೆ ಇಂಥದೊಂದು ಕಾವಲು ಕಡ್ಡಾಯ. ಅದಕ್ಕೆ ಮುಂಚೆ ಬಾಗಿಲಿನಡಿ ಸಿಕ್ಕಿ ಎಷ್ಟೋ ಮಕ್ಕಳು ಸತ್ತಿದ್ದವು. ಆಮೇಲೆ ಬಂದ ಕಾನೂನು ಅದು. ಹಳೇ ಮೋಟಾರು ಇನ್ನೂ ಇಟ್ಟುಕೊಂಡವರು ಅದನ್ನು ತೆಗೆದು ಬಿಸಾಡುವುದೇ ವಾಸಿ. ಈ ವಿಷಯದಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ.

ತಮಾಷೆ ಮಾಡಿದವಳು ಮೊಮ್ಮಗಳು ಪುಟ್ಟಿ. ಹಿಂದಿನ ವರ್ಷ ಶಿವಮೊಗ್ಗಕ್ಕೆ ಬಂದಾಗ ನನ್ನಿಂದ ಒಂದು ಶಾಸ್ತ್ರ ಕಲಿತು ಹೋಗಿದ್ದಳು: ಹೊಸಿಲು ತುಳಿಯಬಾರದು, ದಾಟಬೇಕು. ಗ್ಯಾರೇಜಿನ ಗೋಡೆಯ ಗುಂಡಿ ಒತ್ತಿ, ಬಾಗಿಲು ಇಳಿಯತೊಡಗಿದಾಗ ತಲೆ ತಗ್ಗಿಸಿ ಓಡಿ, ಬೆಳಕಿನ ಗೆರೆಯ ಮೇಲೆ ಚಂಗನೆ ಹಾರಿ ಆಚೆಗೆ ನಿಂತಳು. “ತುಳೀಲಿಲ್ಲ ಅಜ್ಜಿ!”

ಗೆರೆಯನ್ನೇ ಮುಟ್ಟದಿದ್ದರೆ ಕಣ್ಣಿಗೆ ಗೊತ್ತಾಗುವುದಾದರೂ ಹೇಗೆ? ಬಾಗಿಲು ತನ್ನ ಪಾಡಿಗೆ ಇಳಿಯಿತು. ಮಗಳು ನನ್ನ ಕಡೆ ನೋಡಿದಳು. ನಾನು ಸನಾತನ ಧರ್ಮದ ಕಡೆ ನೋಡಿದೆ.

ಗುಂಡಿ ಮಕ್ಕಳ ಕೈಗೆ ಸಿಗದಂತೆ ನೆಲದಿಂದ ಐದಡಿಯಾದರೂ ಮೇಲಿರಬೇಕೆಂಬ ನಿಯಮವಿದೆ. ಇವರು ಟೇಪು ಹಿಡಿದು ಅಳೆದರು. ಐದಡಿ ಮೇಲೇ ಇತ್ತು. ಆದರೆ ನಿಯಮ ಬರೆದವರು ಕನ್ನಡಿಗರ ಗ್ಯಾರೇಜನ್ನು ನೋಡಿದವರಲ್ಲ. ಗುಂಡಿಯ ಸರಿಯಾಗಿ ಕೆಳಗೆ ಸೋನಾ ಮಸೂರಿಯ ಚೀಲಗಳು ಒಂದರ ಮೇಲೊಂದು, ಪಕ್ಕದಲ್ಲಿ ತೊಗರಿಬೇಳೆ. ಪುಟ್ಟಿಗೆ ಅದು ಮೆಟ್ಟಿಲು. ಅಂದೇ ಅಕ್ಕಿ ಸ್ಥಳಾಂತರವಾಯಿತು, ಆಟದ ಸಾಮಾನಿನ ಬುಟ್ಟಿಯಲ್ಲಿ ಸೇರಿಹೋಗಿದ್ದ ರಿಮೋಟು ಕಪಾಟಿನ ಮೇಲಟ್ಟಕ್ಕೆ ಹತ್ತಿತು. ‘ಬಾಗಿಲು ಪೂರ್ತಿ ನಿಂತ ಮೇಲೇ ಹೊಸಿಲು ದಾಟಬೇಕು’ ಎಂದು ಶಾಸ್ತ್ರಕ್ಕೂ ಒಂದು ತಿದ್ದುಪಡಿ ತಂದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಬೂದುಗುಂಬಳ ಒಡೆಯುವುದು ಬೇಡ, ಕುಂಕುಮದ ಓಕುಳಿ ಕಂಡರೆ ಅಕ್ಕಪಕ್ಕದವರು ಪೊಲೀಸರನ್ನು ಕರೆಸುತ್ತಾರೆ ಎಂದು ಮಗಳು ಮೊದಲೇ ಹೇಳಿದ್ದಳು. ಕಾರುಗಳಿಗೆ ಹೂವು, ಚಕ್ರಕ್ಕೆ ನಿಂಬೆಹಣ್ಣು. ಇವರು ಮಾತ್ರ, “ಮನೆ ಕಾಯೋದು ಇದು, ಇದಕ್ಕಿಲ್ವಾ?” ಎಂದು ಬಾಗಿಲಿನ ಎರಡೂ ಕಣ್ಣಿಗೆ ನೀರಲ್ಲಿ ಕಲಸಿದ ಅರಿಸಿನ, ಮೇಲೆ ಕುಂಕುಮ ಭಕ್ತಿಯಿಂದ ಮೆತ್ತಿದರು. ಸಂಜೆ ಬಾಗಿಲು ಹಾಕಲು ಹೋದರೆ ಒಂದಡಿ ಇಳಿಯುವುದು, ಮತ್ತೆ ಮೇಲೇರುವುದು. ಮೋಟಾರಿನ ದೀಪ ಮಿಣಮಿಣ ಮಿನುಗುತ್ತಿತ್ತು.

“ದೃಷ್ಟಿ ಆಗಿದೆ,” ಅಂದೆ ನಾನು.

“ದೃಷ್ಟಿ ಹೋಗಿದೆ ಅತ್ತೆ,” ಅಂದ ಅಳಿಯ, ಒಂದು ಬಟ್ಟೆ ಹಿಡಿದು ಬಗ್ಗುತ್ತ.

ಅವನು ಒರೆಸುವ ಮೊದಲೇ ಇವರು ಒಂದು ಸಂಶೋಧನೆ ಮಾಡಿದ್ದರು. ಗೋಡೆಯ ಗುಂಡಿಯನ್ನು ಬಿಡದೆ ಒತ್ತಿ ಹಿಡಿದರೆ ಬಾಗಿಲು ಮಾತಿಲ್ಲದೆ ಕೆಳಗಿಳಿಯುತ್ತದೆ! ಆರ್ಕಿಮಿಡೀಸನ ಮುಖಭಾವದಲ್ಲಿ ತೋರಿಸಿದರು. ಅಳಿಯನ ಬಣ್ಣ ಬದಲಾಯಿತು. “ಬೇಡ ಮಾವ. ಹಾಗೆ ಹಿಡಿದರೆ ಅದು ಆ ಕಣ್ಣಿನ ಮಾತು ಕೇಳೋದೇ ಇಲ್ಲ. ಕೆಳಗೆ ಯಾರಿದ್ದರೂ ಇಳಿಯುತ್ತೆ.” ಬಾಗಿಲು ಹಟ ಮಾಡಿದರೆ ಕಣ್ಣು ಒರೆಸಬೇಕು, ಜೇಡರಬಲೆ ತೆಗೆಯಬೇಕು, ಪೊರಕೆ ತಗುಲಿ ಒಂದು ಕಣ್ಣು ಓರೆಯಾಗಿದ್ದರೆ ನೆಟ್ಟಗೆ ಮಾಡಬೇಕು. ಸಂಜೆ ಬಿಸಿಲು ನೇರ ಕಣ್ಣಿಗೆ ಬಿದ್ದರೂ ಅದಕ್ಕೆ ಕತ್ತಲೆ ಕವಿಯುತ್ತದಂತೆ. ಗುಂಡಿ ಒತ್ತಿ ಹಿಡಿದು ಗೆದ್ದವರು ಆ ಕಾವಲುಗಾರನನ್ನು ಮಲಗಿಸಿದ ಹಾಗೆ.

ಇಷ್ಟಾದ ಮೇಲೆ ಇವರಿಗೆ ತಪಾಸಣೆಯ ಅಧಿಕೃತ ಕೆಲಸವೇ ಸಿಕ್ಕಿತು. ಎರಡಿಂಚು ನಾಲ್ಕಿಂಚು ಎಂದು ಕರೆಯುವ, ನಿಜವಾಗಿ ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ಬಾಗಿಲ ಕೆಳಗೆ ಮಟ್ಟಸವಾಗಿ ಇಟ್ಟು ಬಾಗಿಲು ಇಳಿಸಬೇಕು. ಮರಕ್ಕೆ ತಗುಲಿದ ಎರಡು ಸೆಕೆಂಡಿನೊಳಗೆ ಅದು ಹಿಂದಕ್ಕೇರಬೇಕು. ತಿಂಗಳಿಗೊಮ್ಮೆ ಮಾಡಿ ಎನ್ನುತ್ತಾರೆ. ಮರೆಯದಿರಲಿ ಎಂದು ಇವರು ಅಮಾವಾಸ್ಯೆಯನ್ನು ಗೊತ್ತುಮಾಡಿದರು. ಮರಕ್ಕೆ ನನ್ನ ಪೂಜೆಯ ಮಣೆಯ ಮೇಲೆ ಕಣ್ಣು ಹಾಕಿದ್ದರು, ನಾನು ಅದರ ಮೇಲೆ ಕೂತುಬಿಟ್ಟೆ. ಕೊನೆಗೆ ಅಂಗಡಿಯಿಂದ ಹಲಗೆ ಬಂತು. ಮೊದಲ ಪರೀಕ್ಷೆಯಲ್ಲೇ ಬಾಗಿಲು ಹಲಗೆಯನ್ನು ಒತ್ತಿಕೊಂಡು ಕೂತಿತು, ಏಳಲಿಲ್ಲ. ಮನೆಯಲ್ಲಿ ಮಾತು ನಿಂತಿತು. ರಿಪೇರಿಯವನು ಬಂದು ಸರಿಮಾಡುವ ತನಕ ಎಲ್ಲರೂ ಮುಂಬಾಗಿಲಿನಲ್ಲಿ ಓಡಾಡಿದೆವು; ‘ಸುಸ್ವಾಗತ’ಕ್ಕೆ ಆ ಎರಡು ದಿನ ಕೈತುಂಬ ಕೆಲಸ. ಬಂದವನ ಬಿಲ್ಲನ್ನು ರೂಪಾಯಿಗೆ ತಿರುಗಿಸಿ ನೋಡಿದ ಇವರು ಊಟದ ತನಕ ಮೌನವ್ರತದಲ್ಲಿದ್ದರು.

ಬಾಗಿಲಿನ ಹಳಿಯಿಂದ ನೇತಾಡುವ ಕೆಂಪು ಹಗ್ಗದ ಪಾಠ ಅವನಿಂದಲೇ ಆಯಿತು. ಕರೆಂಟು ಹೋದಾಗ ಅದನ್ನೆಳೆದರೆ ಬಾಗಿಲು ಮೋಟಾರಿನಿಂದ ಬಿಡಿಸಿಕೊಂಡು ಕೈಯಲ್ಲಿ ಎತ್ತಲು ಬರುತ್ತದೆ. ಆದರೆ ಬಾಗಿಲು ಮುಚ್ಚಿರುವಾಗಲೇ ಎಳೆಯಬೇಕು. ಮೇಲಿರುವಾಗ ಎಳೆದು, ಸ್ಪ್ರಿಂಗು ಬೇರೆ ಕೆಟ್ಟಿದ್ದರೆ, ಅಷ್ಟೂ ಭಾರ ದೊಪ್ಪನೆ ಬೀಳುತ್ತದೆ. 2017ರ ಕಾಳ್ಗಿಚ್ಚಿನಲ್ಲಿ ಕರೆಂಟಿಲ್ಲದೆ ಗ್ಯಾರೇಜು ತೆಗೆಯಲಾಗದೆ ಜನ ಸಿಕ್ಕಿಬಿದ್ದದ್ದರಿಂದ, 2019ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸ ಮೋಟಾರಿಗೆ ಬ್ಯಾಟರಿಯೂ ಇರಲೇಬೇಕು.

“ನಮ್ಮಲ್ಲಿ ದಿನಾ ಕರೆಂಟು ಹೋಗುತ್ತೆ, ಅದಕ್ಕೇ ಕೈಯೇ ನಮ್ಮ ಬ್ಯಾಟರಿ,” ಅಂದರು ಇವರು.

ಊರಿಗೆ ಮರಳಿದ ಮೇಲೂ ಆ ಕಣ್ಣು ಮುಚ್ಚಿಲ್ಲ. ಪಕ್ಕದ ಮನೆಯವರು ಹೊಸದಾಗಿ ಹಾಕಿಸಿದ್ದು ಹಳಿಯ ಮೇಲೆ ಜಾರುವ ಕಬ್ಬಿಣದ ಗೇಟು. ಬೀದಿಯ ಮಕ್ಕಳು ಅದರ ಮೇಲೆ ಹತ್ತಿ ರೈಲು ಬಿಡುತ್ತವೆ. ಇವರು ವಾಕಿಂಗ್ ನಿಲ್ಲಿಸಿ ಬಗ್ಗಿ ನೋಡಿದರು. ಹಳಿಯ ತುದಿಯಲ್ಲಿ ಗೇಟನ್ನು ತಡೆಯಲು ಏನೂ ಇಲ್ಲ. ಜೋರಾಗಿ ತಳ್ಳಿದರೆ ಹಳಿ ದಾಟಿ, ಮೇಲಿನ ಹಿಡಿತವೂ ತಪ್ಪಿ, ತಳ್ಳಿದವರ ಮೇಲೇ ಮಗುಚುತ್ತದೆ.

“ವಾಸ್ತು ನೋಡಿಸಿ ಹಾಕಿಸಿದ್ದು ರಾಯರೇ,” ಅಂದರು ಪಕ್ಕದವರು.

“ವಾಸ್ತು ಸರಿಯಿದೆ ಸ್ವಾಮಿ. ಸ್ಟಾಪರ್ ಇಲ್ಲ.”

ವೆಲ್ಡಿಂಗ್‌ನವನು ಬಂದಾಗ ಪಕ್ಕದವರು ಒಂದು ತುದಿಗೆ ಹಾಕಿದರೆ ಸಾಲದೇ ಎಂದು ಚೌಕಾಸಿಗಿಳಿದರು. “ಮಕ್ಕಳು ಒಂದೇ ಕಡೆ ತಳ್ತಾವೆ ಅಂತ ಬರೆದುಕೊಡಿ, ಒಂದೇ ಸಾಕು,” ಅಂದರು ಇವರು. ವೆಲ್ಡಿಂಗ್‌ನವನು ಇಬ್ಬರ ಮುಖವನ್ನೂ ನೋಡಿ, ಎರಡೂ ತುದಿಗೆ ಹಾಕಿ, ಎರಡರ ದುಡ್ಡು ತೆಗೆದುಕೊಂಡು ಹೋದ.