ನಾಯಕರಾಗುವುದು ಹೇಗೆ? (ಊಟದ ವ್ಯವಸ್ಥೆ ಇದೆ)

ಹಾಸನ ಜಿಲ್ಲೆಗೆ ಬಂದು ನಾಯಕತ್ವ ಕಲಿಸುತ್ತೇನೆ ಅನ್ನುವವರ ಧೈರ್ಯ ಮೆಚ್ಚಬೇಕು. ಹರದನಹಳ್ಳಿಯಿಂದ ಹೊರಟ ಡಿಪ್ಲೊಮಾ ಎಂಜಿನಿಯರ್ ಒಬ್ಬರು 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದರು. ಸ್ಟೀಫನ್ ಕೋವಿ ಪರಿಣಾಮಕಾರಿ ಜನರ ಏಳು ಅಭ್ಯಾಸಗಳ ಪುಸ್ತಕ ತಂದ 1989ರಲ್ಲೇ ಈ ದೇವೇಗೌಡರು ಅದೇ ಊರಲ್ಲಿ ಜಿ. ಪುಟ್ಟಸ್ವಾಮಿಗೌಡರ ಎದುರು ಸೋತರು. ಏಳನೇ ವರ್ಷಕ್ಕೇ ದೇಶದ ಪ್ರಧಾನಿ. ಸಭೆಯಲ್ಲಿ ಕಣ್ಣು ಮುಚ್ಚಿ ಕೂರುವುದು ಏಳರಲ್ಲಿ ಎಷ್ಟನೆಯ ಅಭ್ಯಾಸವೋ, ಪುಸ್ತಕ ಓದಿದವರು ಹೇಳಬೇಕು.

ಮಗ ರೇವಣ್ಣನವರ ದಾರಿ ಇನ್ನೂ ಸರಳ. ಲೋಕೋಪಯೋಗಿ ಸಚಿವರಾಗಿದ್ದಾಗ ಅವರ ಕೈಯಲ್ಲಿದ್ದ ನಿಂಬೆಹಣ್ಣಿನ ಮೇಲೆ ವಿಧಾನಸಭೆಯಲ್ಲೇ ಮಾತಿಗೆ ಮಾತು ಬೆಳೆಯಿತು. ಆತ್ಮವಿಶ್ವಾಸ ವೃದ್ಧಿ ಶಿಬಿರದ ಶುಲ್ಕಕ್ಕೆ ಹೋಲಿಸಿದರೆ ನಿಂಬೆಹಣ್ಣು ಅಗ್ಗ, ಮಿಕ್ಕರೆ ಪಾನಕಕ್ಕೂ ಆಗುತ್ತದೆ. 2024ರಲ್ಲಿ ಜಿಲ್ಲೆಗೆ ಬದಲಾವಣೆಯೂ ಬಂತು: ಲೋಕಸಭೆಗೆ ದೇವೇಗೌಡರ ಮೊಮ್ಮಗ ಸೋತು ಪುಟ್ಟಸ್ವಾಮಿಗೌಡರ ಮೊಮ್ಮಗ ಗೆದ್ದರು.

ಇಂಥ ನೆಲದಲ್ಲಿ ಬೆಂಗಳೂರಿನ ತರಬೇತುದಾರರು ಕಿವಿಗೆ ಮೈಕ್ ಸಿಕ್ಕಿಸಿಕೊಂಡು, 'ನಿಮ್ಮೊಳಗಿನ ನಾಯಕನನ್ನು ಎಬ್ಬಿಸಿ' ಅನ್ನುತ್ತಾರೆ. ಅರಕಲಗೂಡಿನಿಂದ ಮೊದಲ ಬಸ್ಸಿಗೆ ಬಂದ ಗುಮಾಸ್ತರಿಗೆ ಎಬ್ಬಿಸುವುದಿರಲಿ, ತಾವು ಎದ್ದಿರುವುದೇ ಕಷ್ಟ. ಸ್ವಂತ ನಿರ್ಧಾರ ತೆಗೆದುಕೊಳ್ಳಬೇಕಂತೆ. ನಮ್ಮ ಕಚೇರಿಗಳಲ್ಲಿ ಟಿಪ್ಪಣಿ ಹಾಳೆ ಮುಗಿಯುವುದೇ 'ಸೂಕ್ತ ಆದೇಶಕ್ಕಾಗಿ ಮಂಡಿಸಿದೆ' ಎಂದು. ಗುಮಾಸ್ತ ಮಂಡಿಸುತ್ತಾನೆ, ಶಿರಸ್ತೇದಾರರು 'ಚರ್ಚಿಸಿ' ಎಂದು ಬರೆಯುತ್ತಾರೆ, ಸಾಹೇಬರು 'ನಿಯಮಾನುಸಾರ ಕ್ರಮವಹಿಸಿ' ಎಂದು ಸಹಿ ಹಾಕಿ ಕಡತವನ್ನು ಗುಮಾಸ್ತನಿಗೇ ಇಳಿಸುತ್ತಾರೆ. ಮೂವರೂ ಕೆಲಸ ಮಾಡಿದರು, ನಿರ್ಧಾರ ಮಾತ್ರ ಯಾರದೂ ಅಲ್ಲ. ಈ ನಡುವೆ ಹೊಸ ಹುಡುಗನೊಬ್ಬ 'ಅರ್ಜಿದಾರರ ಕೋರಿಕೆ ನ್ಯಾಯಯುತವಾಗಿದೆ' ಎಂದು ಬರೆದನೋ, ಅವನೊಳಗಿನ ನಾಯಕ ಎದ್ದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಎದ್ದವನನ್ನು ಡೆಪ್ಯುಟೇಶನ್ ಮೇಲೆ ಕಳಿಸಲು ಜಾಗಗಳಿಗೇನು ಬರ.

'ಮೇಲಧಿಕಾರಿಯ ಬಾಗಿಲು ಸದಾ ತೆರೆದಿರಲಿ' ಎಂಬುದು ಮಧ್ಯಾಹ್ನದ ಪಾಠ. ಹಾಸನಾಂಬೆಯ ಬಾಗಿಲು ತೆರೆಯುವುದೇ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಆ ದಿನಗಳಲ್ಲಿ ಸರದಿ ಮೈಲುದ್ದ, ವಿಐಪಿ ಪಾಸಿಗೆ ಕಾದಾಟ. ಇದನ್ನು ಕಣ್ಣಾರೆ ಕಂಡ ಅಧಿಕಾರಿ ಬಾಗಿಲು ತೆರೆದಿಟ್ಟು ಬೆಲೆ ಕಳೆದುಕೊಳ್ಳುತ್ತಾನೆಯೇ?

ಕೊನೆಗೆ ಪರದೆಯ ಮೇಲೆ ಬಾಹುಬಲಿ. ಅಧಿಕಾರ ಬಿಟ್ಟುಕೊಡುವುದೇ ನಿಜವಾದ ನಾಯಕತ್ವವಂತೆ. ಚನ್ನರಾಯಪಟ್ಟಣದವರು ಹೆಮ್ಮೆಯಿಂದ ಚಪ್ಪಾಳೆ ತಟ್ಟಿದರು. ಶ್ರವಣಬೆಳಗೊಳ ಅವರ ತಾಲ್ಲೂಕೇ ತಾನೆ. ಗೆದ್ದ ಮೇಲೂ ಸಿಂಹಾಸನ ಬೇಡವೆಂದವನನ್ನು ಅಲ್ಲಿ ಐವತ್ತೆಂಟು ಅಡಿ ಎತ್ತರದ ಕಲ್ಲಾಗಿ ನಿಲ್ಲಿಸಿದ್ದೇವೆ. ಹನ್ನೆರಡು ವರ್ಷಕ್ಕೊಮ್ಮೆ ಹಾಲು, ಅರಿಶಿನ, ಚಂದನದಲ್ಲಿ ಮೀಯಿಸುತ್ತೇವೆ. ಆ ಮಜ್ಜನದ ಮೊದಲ ಕಳಶ ಯಾರದೆಂಬುದಕ್ಕೂ ಪೈಪೋಟಿ ಇದ್ದೇ ಇರುತ್ತದೆ.

ಸಂಜೆ ಅರಕಲಗೂಡಿನ ಗುಮಾಸ್ತರು ತರಬೇತುದಾರರ ಕೈ ಹಿಡಿದು, "ಸಾರ್, ಸರ್ಟಿಫಿಕೇಟು ಈಗ್ಲೇ ಕೊಟ್ಬಿಡಿ" ಅಂದರು. ತರಬೇತುದಾರರ ಗಂಟಲು ಕಟ್ಟಿತು. "ಗೋಡೆಗೆ ಹಾಕ್ತೀರಾ?"

"ಇಲ್ಲ ಸಾರ್, ಟಿ.ಎ. ಬಿಲ್ಲಿಗೆ ಲಗತ್ತಿಸಬೇಕು. ಬೇಗ ಕೊಡಿ, ಕೊನೇ ಬಸ್ಸು ಹೋಗ್ಬಿಡ್ತದೆ."