ತೆಂಗಿನ ಮರದ ಉಂಗುರ

ಎಡಗೈಯಲ್ಲಿ ಹಲ್ಲುಜ್ಜುವುದು ಎಷ್ಟು ಕಷ್ಟವೆಂದು ನಲವತ್ತೆಂಟನೇ ವಯಸ್ಸಿನಲ್ಲಿ ಗೊತ್ತಾಯಿತು. ಬ್ರಶ್ಶು ಹಲ್ಲಿಗಿಂತ ಮೂಗಿಗೇ ಹೆಚ್ಚು ಸಲ ಹೋಗುತ್ತಿತ್ತು. ಕಾಂಪೌಂಡಿನಾಚೆ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ಪಕ್ಕದ ಮನೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, "ಬಲಗೈಗೇನು ಬಂತೋ?" ಅಂದರು.

ಬಂದದ್ದು ಮೈಮೇಲೆ. ಭಾನುವಾರ ಬಡಾವಣೆಯ ಮೈದಾನದಲ್ಲಿ ಮದುವೆಯಾದವರಿಗೂ ಆಗದವರಿಗೂ ಟೆನಿಸ್ ಬಾಲ್ ಮ್ಯಾಚು. ನನ್ನನ್ನು ಬೌಂಡರಿಯಲ್ಲಿ ನಿಲ್ಲಿಸಿದ್ದರು, ಅಂದರೆ ಆಟಕ್ಕೆ ತೊಂದರೆಯಾಗದ ಜಾಗದಲ್ಲಿ. ಹಾಳಾದ ಚೆಂಡು ಅಲ್ಲಿಗೇ ಬಂತು. ಎತ್ತಿಕೊಂಡವನೇ, ಕಾಲೇಜು ದಿನಗಳ ಕೈ ಇನ್ನೂ ಇದೆಯೆಂಬ ಧೈರ್ಯದಲ್ಲಿ ಕೀಪರ್ ಕಡೆ ಬೀಸಿ ಒಗೆದೆ. ಚೆಂಡು ಅರ್ಧ ದಾರಿಯಲ್ಲಿ ಬಿತ್ತು. ಭುಜದೊಳಗೆ ಏನೋ ಛಳಕ್ಕೆಂದಿತು.

"ಉಪ್ಪಿನ ಶಾಖ ಕೊಟ್ರೆ ಹೋಗತ್ತೆ" ಎಂದ ಅಜ್ಜಿ, ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಗೋಡೆಯ ಮೇಲೆ ಇಟ್ಟರು. ಹಿಂದಿನ ರಾತ್ರಿಯಿಂದ ನಾನು ಮೂರು ಸಲ ಬಾಮ್ ಬಳಿದುಕೊಂಡಿದ್ದೆ, ಅದನ್ನು ಹೇಳಲಿಲ್ಲ. ಬಾಮಿನ ಮೇಲೆ ಬಿಸಿ ಉಪ್ಪು ಬಿದ್ದರೆ ಚರ್ಮ ಸುಟ್ಟುಹೋಗುತ್ತದೆ. ನಾನು ಕೂಗಿದ ಕೂಗಿಗೆ ಗೇಟಿನಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು.

ಇಷ್ಟು ಹೊತ್ತಿಗೆ ಎದುರುಮನೆಯ ನಿವೃತ್ತ ಮೇಷ್ಟ್ರು ಪೇಪರ್ ಹಿಡಿದುಕೊಂಡೇ ಬಂದರು. "ಏನ್ರೀ ಇದು, 2002ರಲ್ಲಿ ಆಂಟಿಗಾದಲ್ಲಿ ನಮ್ಮ ಕುಂಬ್ಳೆ ದವಡೆ ಮುರಿದುಕೊಂಡು, ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲ್ ಮಾಡಿ ಲಾರಾನ ಔಟ್ ಮಾಡಲಿಲ್ವೆ?" ಮಾಡಿದರು, ಇಲ್ಲವೆನ್ನುವವರು ಯಾರು? ಆದರೆ ಅದರ ಹಿಂದಿನ ವರ್ಷ ಅದೇ ಕುಂಬ್ಳೆ ಭುಜದ ಆಪರೇಷನ್ ಮಾಡಿಸಿಕೊಂಡು, ಈಡನ್ ಗಾರ್ಡನ್ಸ್ ಪಂದ್ಯವಿದ್ದ ಆಸ್ಟ್ರೇಲಿಯಾ ಸರಣಿಯನ್ನೇ ಆಡದೆ ಕೂತಿದ್ದರು. ದವಡೆ ನೆನಪಿರುವ ಜನಕ್ಕೆ ಭುಜ ಮರೆತುಹೋಗುತ್ತದೆ. ಅದನ್ನೇ ಹೇಳಿದೆ. ಮೇಷ್ಟ್ರು ಪೇಪರ್ ಮಡಚಿದರು.

ಸಂಜೆ ಫಿಸಿಯೋ ಹುಡುಗಿಯ ಹತ್ತಿರ ಹೋದೆ. ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ, ಹರಿದಿಲ್ಲ, ಉಳುಕಿದೆ ಅಂದಳು. ಅವಳು ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ: ಸೊಂಟದ ಕೀಲು ಬಟ್ಟಲಲ್ಲಿ ಕೂತ ನಿಂಬೆಹಣ್ಣು, ಭುಜದ್ದು ತಟ್ಟೆಯ ಮೇಲಿಟ್ಟ ನಿಂಬೆಹಣ್ಣು. ಅದು ಉರುಳದಂತೆ ನಾಲ್ಕು ಸ್ನಾಯುಗಳು ಪಲ್ಲಕ್ಕಿ ಹೊರುವವರ ಹಾಗೆ ಸುತ್ತಲೂ ಹಿಡಿದಿರುತ್ತವೆ. ಅವಕ್ಕೆ ರೋಟೇಟರ್ ಕಫ್ ಎಂದು ಹೆಸರು. ನಾಲ್ವರಲ್ಲಿ ಒಬ್ಬ ಎಡವಿದರೂ ದೇವರು ವಾಲುತ್ತಾನೆ.

ಮೊದಲ ಎರಡು ದಿನ ಶಾಖ ಬೇಡವಂತೆ, ಊತ ಹೆಚ್ಚುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಬಹುದು, ನೋವು ಅಡಗಲಿ ಎಂದು ಮಾತ್ರ. ಗಾಯಕ್ಕೆ ವಿಶ್ರಾಂತಿ, ಐಸು, ಬಿಗಿ ಪಟ್ಟಿ ಎಂದು 1978ರಲ್ಲಿ ಬರೆದು ಲೋಕಕ್ಕೆಲ್ಲ ಬಾಯಿಪಾಠ ಮಾಡಿಸಿದ ಅಮೆರಿಕದ ಡಾಕ್ಟರು ಗೇಬ್ ಮಿರ್ಕಿನ್, ಐಸೂ ಪೂರ್ತಿ ವಿಶ್ರಾಂತಿಯೂ ವಾಸಿಯಾಗುವುದನ್ನು ತಡ ಮಾಡಬಹುದು ಎಂದು 2014ರಲ್ಲಿ ತಾವೇ ಹೇಳಿದರು. ಮೂವತ್ತಾರು ವರ್ಷದ ಮೇಲೆ ತಪ್ಪು ಒಪ್ಪಿಕೊಳ್ಳುವ ವೈದ್ಯ ಸಿಕ್ಕರೆ ನನಗಂತೂ ನಂಬಿಕೆ ಹೆಚ್ಚಾಗುತ್ತದೆ. ಬಾಮಿನ ತಂಪೂ ಮೆಂಥಾಲ್ ಚರ್ಮಕ್ಕೆ ಹೇಳುವ ಸುಳ್ಳು, ಒಳಗೇನೂ ತಣ್ಣಗಾಗಿರುವುದಿಲ್ಲ. ಆದರೂ ನೋವಿನಿಂದ ಗಮನ ಸರಿಯುತ್ತದೆ, ನಿದ್ದೆ ಬರುತ್ತದೆ. ಅಷ್ಟಕ್ಕೆ ಬಾಮಿಗೆ ನನ್ನ ನಮಸ್ಕಾರ.

ಅಂಗಿಯ ಗುಟ್ಟನ್ನೂ ಅವಳೇ ಹೇಳಿಕೊಟ್ಟಳು. ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಗೊತ್ತಿಲ್ಲದೆ ಆ ಬೆಳಿಗ್ಗೆ ಬನಿಯನ್ನಿನೊಳಗೆ ಸಿಕ್ಕಿಕೊಂಡು ಹೆಂಡತಿಯನ್ನು ಕೂಗಿದ್ದೆ.

ಕೈ ಎತ್ತಲಿಕ್ಕೇ ಆಗದಿದ್ದರೆ, ಭುಜದ ಆಕಾರ ಬದಲಾಗಿದ್ದರೆ, ಬೆರಳು ಜೋಮು ಹಿಡಿದರೆ ಮನೆಮದ್ದಿನ ಮಾತೇ ಬೇಡ, ಆಸ್ಪತ್ರೆಗೆ ನಡೆಯಬೇಕು. ಎಡಭುಜದ ನೋವಿನ ಜೊತೆ ಎದೆ ಬಿಗಿದು ಬೆವರು ಬಂದರಂತೂ ಎಣ್ಣೆ ಹುಡುಕುತ್ತ ಕೂರಬಾರದು.

ವಾಪಸು ಬಂದಾಗ ಅಜ್ಜಿ ಗೋಡೆಯ ಹತ್ತಿರವೇ ಇದ್ದರು. ಕೈಯನ್ನು ಜೋಳಿಗೆಗೆ ಹಾಕಿ ತಿಂಗಳುಗಟ್ಟಲೆ ಇಡಬಾರದಂತೆ ಅಂದೆ. "ಅದು ನಂಗೊತ್ತು ಕಣೋ. ನಂಗೆ ಸಕ್ಕರೆ ಕಾಯಿಲೆ, ಭುಜ ಹಿಡ್ಕೊಂಡಿತ್ತು, ನೋಯತ್ತೆ ಅಂತ ಅಲ್ಲಾಡಿಸ್ದೆ ಇಟ್ಕೊಂಡೆ. ಒಂದೂವರೆ ವರ್ಷ ತುರುಬು ಕಟ್ಟೋಕೆ ಸೊಸೆ ಬೇಕಾಯ್ತು." ಅವರು ಹೇಳುತ್ತಿದ್ದದ್ದು ಫ್ರೋಜನ್ ಶೋಲ್ಡರ್. ಸಕ್ಕರೆಯವರಿಗೆ, ನಲವತ್ತು ದಾಟಿದವರಿಗೆ ಅದು ಹತ್ತಿರದ ನೆಂಟ.

ಮೂರನೇ ದಿನದಿಂದ ವ್ಯಾಯಾಮ. ಎಡಗೈಯನ್ನು ಕಟ್ಟೆಗೆ ಊರಿ, ಬಗ್ಗಿ, ಬಲಗೈ ಜೋತುಬಿಟ್ಟು ಮೆಲ್ಲಗೆ ಸುತ್ತಿಸಬೇಕು. "ಆನೆ ಸೊಂಡ್ಲು ಆಡಿಸ್ದಂಗಿದೆ" ಎಂದು ಅಜ್ಜಿ ನಕ್ಕರು. ಅದಕ್ಕೆ ಮುಂಚೆ ಸ್ವಲ್ಪ ಶಾಖ, ಈಗ ಉಪ್ಪಿನ ಗಂಟಿಗೂ ಅನುಮತಿ ಇತ್ತು. ಇನ್ನೊಂದು, ಬೆರಳುಗಳನ್ನು ಗೋಡೆಯ ಮೇಲೆ ಹಲ್ಲಿಯಂತೆ ಹತ್ತಿಸುವುದು. ನಮ್ಮ ಕಾಂಪೌಂಡು ಎದೆಮಟ್ಟದ್ದು. ಅದರ ಪಕ್ಕದ ತೆಂಗಿನ ಮರವೇ ಗತಿಯಾಯಿತು. ಮರದ ಮೇಲೆ ಗರಿ ಉದುರಿದ ಉಂಗುರಗಳಿವೆಯಲ್ಲ, ಅಳತೆಪಟ್ಟಿಯೇ ಬೇಡ. ಬೆರಳು ಮುಟ್ಟಿದ ಉಂಗುರಕ್ಕೆ ಅಜ್ಜಿ ಗೋಡೆಯಾಚೆಯಿಂದ ಕೈ ಚಾಚಿ ಸುಣ್ಣದ ಬೊಟ್ಟು ಇಡುತ್ತಿದ್ದರು. ಒಂದು ವಾರಕ್ಕೆ ಎರಡು ಉಂಗುರ. ನಡುವೆ ಹುಮ್ಮಸ್ಸಿಗೆ ನೀರಿನ ಕ್ಯಾನ್ ಎತ್ತಿದ ದಿನ ಒಂದು ಉಂಗುರ ಕೆಳಗಿಳಿದೆ. ಅವತ್ತು ಅಜ್ಜಿ ಬೊಟ್ಟಿಡಲಿಲ್ಲ, ಬೈದರು.

ಐದನೇ ವಾರ ಬೆರಳು ನನ್ನ ತಲೆಗಿಂತ ಒಂದು ಗೇಣು ಮೇಲಿತ್ತು. ಅಜ್ಜಿ ತುದಿಗಾಲಲ್ಲಿ ನಿಂತರು, ಎಟುಕಲಿಲ್ಲ. ಸುಣ್ಣದ ಡಬ್ಬಿಯನ್ನು ಗೋಡೆಯ ಮೇಲಿಟ್ಟು, "ತಗೋ, ನೀನೇ ಇಟ್ಕೋ. ಬಲಗೈಲೇ ಇಡು" ಅಂದರು.