ಪಂಕ್ಚರ್ ನಿದಾನ

ಚರಕಾಚಾರ್ಯರು ರೋಗಗಳನ್ನು ನಿಜ, ಆಗಂತು ಎಂದು ಎರಡಾಗಿ ಒಡೆಯುತ್ತಾರೆ. ಒಳಗೇ ಹುಟ್ಟಿದ್ದು ನಿಜ, ಹೊರಗಿನಿಂದ ಬಂದೆರಗಿದ್ದು ಆಗಂತು. ಕಾರಿನ ಗಾಲಿಗೂ ಈ ವಿಭಾಗವೇ ಸಾಕು. ವಾಲ್ವಿನ ರಬ್ಬರು ಒಣಗಿ ಬೆಳಗಾಗುವುದರೊಳಗೆ ಹವಾ ಇಳಿದಿದ್ದರೆ ಅದು ನಿಜ. ಸಾಬೂನು ನೀರು ಸವರಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿದರೆ ಮುಗಿಯಿತು.

ಆಗಂತುವಿನ ಅಧ್ಯಯನಕ್ಕೆ ಮಾತ್ರ ಹಿಡಕಲ್ ಸೀಮೆಗೇ ಬರಬೇಕು. ಇಲ್ಲಿಯ ರಾಜಾ ಲಖಮಗೌಡ ಜಲಾಶಯದ 51 ಟಿಎಂಸಿ ನೀರು ಹರಿದಲ್ಲೆಲ್ಲ ಕಬ್ಬು. ಕಾರ್ಖಾನೆ ಸುರುವಾಯಿತೆಂದರೆ ಹುಕ್ಕೇರಿ, ಗೋಕಾಕ, ಮೂಡಲಗಿ ರಸ್ತೆಗಳ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ನಡುನಡುವೆ ಚಕ್ಕಡಿ. ಹೀಗಾಗಿ ಇಲ್ಲಿಯ ಆಗಂತುವಿಗೆ ಮೂರು ಕುಲ. ಎತ್ತಿನ ಕಾಲಿನಿಂದ ಕಳಚಿದ ಲಾಳದ ಮಳಿ ಪಶುಜ. ಟ್ರೇಲರಿನಿಂದ ಉದುರಿದ ಬೋಲ್ಟು, ತಂತಿಯ ತುಂಡು ಯಂತ್ರಜ. ಜಾಲಿಮುಳ್ಳು ವೃಕ್ಷಜ; ಬೈಕಿನವರಿಗೆ ಅದು ಯಮ, ಕಾರಿನ ದಪ್ಪ ಟ್ರೆಡ್ಡಿನಲ್ಲಿ ಎಷ್ಟೋ ಸಲ ಅರ್ಧಕ್ಕೇ ಮುರಿದು ಕೂಡುತ್ತದೆ.

ಮಳಿ ಕಂಡಿತೆಂದು ಕೀಳಬಾರದು. ಸುಶ್ರುತರು ಎಣಿಸಿದ 107 ಮರ್ಮಗಳಲ್ಲಿ ಮೂರಕ್ಕೆ ವಿಶಲ್ಯಘ್ನ ಎಂದು ಹೆಸರು: ಅಲ್ಲಿ ನಾಟಿದ್ದು ಇರುವ ತನಕ ಮನುಷ್ಯ ಬದುಕುತ್ತಾನೆ, ಕಿತ್ತರೆ ಸಾಯುತ್ತಾನೆ. ಟ್ಯೂಬ್‌ಲೆಸ್ ಟೈರಿಗೆ ಟ್ರೆಡ್ಡೇ ವಿಶಲ್ಯಘ್ನ, ತೂತಿಗೆ ಬೂಚು ಮಳಿಯೇ. ಹತ್ತರಗಿ ಟೋಲಿನ ಹತ್ತಿರ ಇಕ್ಕಳ ಹಾಕಿ ಎಳೆದವನು ಅಲ್ಲೇ ಜಾಕ್ ಹಚ್ಚಬೇಕು. ಹವಾ ನಿಂತಿದ್ದರೆ ಮಳಿಯ ಸಮೇತ ನಿಧಾನಕ್ಕೆ ಸಂಕೇಶ್ವರ ಮುಟ್ಟಬಹುದು.

ರಿಪೇರಿ ಮಾಡಿಸಿದ ಟೈರು ನಂಬಿಕೆಗೆ ತಕ್ಕದ್ದೇ? ಇದಕ್ಕೂ ಆಯುರ್ವೇದದಲ್ಲಿ ನಾಲ್ಕು ಮನೆ ಸಿದ್ಧವಿವೆ.

ತೂತು ಟ್ರೆಡ್ಡಿನ ನಡುವಿನ ಮುಕ್ಕಾಲು ಭಾಗದಲ್ಲಿದ್ದು, 6 ಮಿಲಿಮೀಟರಿಗಿಂತ ದೊಡ್ಡದಲ್ಲದೆ, ಟ್ರೆಡ್ಡೂ 1.6 ಮಿಲಿಮೀಟರಿನ ಗುರುತಿಗಿಂತ ಮೇಲಿದ್ದರೆ ಅದು ಸುಖಸಾಧ್ಯ. ಟೈರನ್ನು ರಿಮ್ಮಿನಿಂದ ಬಿಚ್ಚಿ, ಒಳಮೈ ನೋಡಿ, ಮಶ್ರೂಮ್ ಪ್ಯಾಚ್ ಕೂಡಿಸಬೇಕು. ಅದರ ದೇಟು ತೂತನ್ನು ತುಂಬುತ್ತದೆ, ಕೊಡೆ ಒಳಗಿನಿಂದ ಅಂಟುತ್ತದೆ. ಅಂಥ ಗಾಲಿಯ ಮೇಲೆ ಬೆಂಗಳೂರಿಗೂ ಹೋಗಿ ಬರಬಹುದು.

ಮಳಿ ಓರೆಯಾಗಿ ಹೊಕ್ಕಿದ್ದರೆ, ಹಳೆಯ ಪ್ಯಾಚಿನ ಮಗ್ಗುಲಲ್ಲೇ ಹೊಸ ತೂತಾಗಿದ್ದರೆ ಕೃಚ್ಛ್ರಸಾಧ್ಯ, ಅಂದರೆ ಕಷ್ಟಪಟ್ಟು ವಾಸಿ ಮಾಡಬೇಕಾದದ್ದು. ಪ್ಯಾಚಿನ ಮೇಲೆ ಪ್ಯಾಚು ಏರಬಾರದು.

ಯಾಪ್ಯವೆಂದರೆ ವಾಸಿಯಾಗದೆ, ಔಷಧ ನಡೆದಿರುವ ತನಕ ತಡೆದಿರುವ ರೋಗ. ‘ಐದ ಮಿನಿಟ್ರಿ ಸಾಹೇಬ್ರ, ಟೈರ್ ಬಿಚ್ಚೂದ ಬ್ಯಾಡ’ ಎಂದು ಹೊರಗಿನಿಂದಲೇ ಚುಚ್ಚಿ ತುರುಕುವ ಸ್ಟ್ರಿಪ್ಪು ಈ ಮನೆಯದು. ನಾನು ಸ್ಟ್ರಿಪ್ಪಿನ ದ್ವೇಷಿಯಲ್ಲ. ಎಷ್ಟೋ ಸ್ಟ್ರಿಪ್ಪುಗಳು ಟೈರು ಸವೆಯುವ ತನಕ ಬಾಳುತ್ತವೆ, ಜನ ಮೋಸಹೋಗುವುದೂ ಅದಕ್ಕೇ. ತೂತಿನ ಗುಂಟ ನೀರಿಳಿದು ಒಳಗಿನ ಉಕ್ಕಿನ ಪಟ್ಟಿಗೆ ತುಕ್ಕು ಹಿಡಿದರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸೀಲಂಟ್ ದ್ರವವೂ ಇದೇ ಜಾತಿ. ರಿಪೇರಿ ಕಿಟ್ಟೂ ಹವಾ ತೋರಿಸುವ ಸೆನ್ಸರೂ ಇದ್ದರೆ ಟ್ಯೂಬ್‌ಲೆಸ್ ಟೈರಿನ ಕಾರಿಗೆ ಸ್ಟೆಪ್ನಿ ಬೇಕಿಲ್ಲವೆಂದು 2020ರಲ್ಲಿ ಕೇಂದ್ರ ಸರಕಾರ ನಿಯಮ ತಿದ್ದಿದ ಮೇಲಂತೂ ಯಾಪ್ಯಕ್ಕೆ ರಾಜಮಾನ್ಯತೆ ಬಂದಿದೆ.

ಕೊನೆಯದು ಪ್ರತ್ಯಾಖ್ಯೇಯ, ಅಂದರೆ ಕೈ ಮುಗಿದು ಕಳಿಸಬೇಕಾದದ್ದು. ಭುಜದಲ್ಲೋ ಸೈಡ್‌ವಾಲಿನಲ್ಲೋ ಆದ ತೂತು ಇಲ್ಲಿಗೆ ಸೇರುತ್ತದೆ. ಟ್ರೆಡ್ಡಿನ ಕೆಳಗೆ ಉಕ್ಕಿನ ಪಟ್ಟಿಯಿದೆ, ಸೈಡ್‌ವಾಲಿಗೆ ಅದಿಲ್ಲ. ಇರುವುದು ರಬ್ಬರೂ ನೂಲೂ ಮಾತ್ರ. ನೂರರ ವೇಗದಲ್ಲಿ ಸಣ್ಣ ಕಾರಿನ ಗಾಲಿ ಸೆಕೆಂಡಿಗೆ ಸುಮಾರು 15 ಸುತ್ತು ಹಾಕುತ್ತದೆ, ಪ್ರತಿ ಸುತ್ತಿಗೂ ಆ ಗೋಡೆ ಬಾಗಿ ಏಳುತ್ತದೆ. ಯಾವ ಪ್ಯಾಚು ತಾಳೀತು? ಹವಾ ಇಲ್ಲದೆಯೇ ‘ಇಲ್ಲೇ ಘಟಪ್ರಭಾ ತನಕ’ ಎಂದು ಓಡಿಸಿದ ಟೈರಿನದೂ ಇದೇ ಗತಿ. ತೂತು ಸಾಸಿವೆಯಷ್ಟೇ ಇರಬಹುದು, ಹೊರಗೆ ಗೀರೂ ಕಾಣದಿರಬಹುದು. ಬಿಚ್ಚಿದರೆ ಒಳಗೆ ಹಿಡಿ ತುಂಬ ಕರಿಯ ರಬ್ಬರ್ ಪುಡಿ: ಗೋಡೆ ತನ್ನನ್ನು ತಾನೇ ಅರೆದುಕೊಂಡಿದೆ. ತೂತಿನ ಅಳತೆಗಿಂತ ಅದರ ಜಾಗ, ಅದಕ್ಕಿಂತ ಚಾಲಕ ಎಲ್ಲಿ ನಿಲ್ಲಿಸಿದ ಎಂಬುದೇ ಈ ಶಾಸ್ತ್ರದಲ್ಲಿ ಬಲವಾದ ಪ್ರಮಾಣ. ಬಿಚ್ಚದೆ ರೋಗ ಹೇಳುವವನು ವೈದ್ಯನಲ್ಲ, ಜೋಯಿಸ.

ಆದರೂ ಪ್ರತ್ಯಾಖ್ಯೇಯಕ್ಕೆ ಚಿಕಿತ್ಸೆ ಕೊಡುವ ಒಂದು ಪಂಥವುಂಟು. ಹರಿದ ಜಾಗಕ್ಕೆ ಒಳಗಿನಿಂದ ಹಳೆಯ ಟೈರಿನ ತುಂಡು, ಅಂದರೆ ಗೇಟರ್, ಕೊಟ್ಟು ಟ್ಯೂಬ್ ತುರುಕುತ್ತಾರೆ. ಹೊಲದ ದಾರಿಯಲ್ಲಿ ತೆವಳುವ ಟ್ರೇಲರಿಗೆ ಅದು ನಡೆದೀತು. ಕಾರಿನ ವೇಗಕ್ಕೆ ಗೇಟರು ಟ್ಯೂಬನ್ನು ತಿಕ್ಕಿ ಕಾಯಿಸುತ್ತದೆ. ಟ್ಯೂಬ್‌ಲೆಸ್ ಟೈರಿನ ಮಳಿತೂತು ಮೆಲ್ಲಗೆ ಹವಾ ಬಿಟ್ಟರೆ, ಟ್ಯೂಬು ಒಮ್ಮೆಲೇ ಸಿಡಿಯುತ್ತದೆ.

ಅಸಾಧ್ಯ ರೋಗಕ್ಕೆ ಕೈ ಹಾಕಿದ ವೈದ್ಯ ಹಣ, ವಿದ್ಯೆ, ಯಶಸ್ಸು ಮೂರನ್ನೂ ಕಳೆದುಕೊಳ್ಳುತ್ತಾನೆ ಎಂದಿದ್ದಾರೆ ಚರಕರು. ನಮ್ಮ ಕಡೆ ಲೆಕ್ಕ ತಿರುವುಮುರುವು. ‘ಇದ ಆಗಂಗಿಲ್ರಿ, ಹೊಸಾ ಟೈರ್ ಹಾಕ್ಸ್ರಿ’ ಎಂದವನಿಗೆ ಗಿರಾಕಿ ಹೋಗುತ್ತಾನೆ. ಆ ಗಿರಾಕಿ ಎದುರಿನ ಅಂಗಡಿಯಲ್ಲಿ ಗೇಟರ್ ಹಾಕಿಸಿ, ‘ಅಲ್ಲಿ ಆಗಂಗಿಲ್ಲಂದ್ರು, ಇಲ್ಲಿ ಆತ್ ನೋಡ’ ಎಂದು ಮನೆಯವರಿಗೆ ಹೇಳುತ್ತ, ಹುಡುಗರನ್ನು ಹಿಂದೆ ಕೂಡಿಸಿಕೊಂಡು ಹೈವೇ ಹತ್ತುತ್ತಾನೆ.